ಆರು ಸಿಲಿಂಡರ್ ‘ಬೆಂಜ್’ ಎಂಜಿನ್‌ಗೆ ಸಾವೇ ಇಲ್ಲವೇ? ಹಳೇ ಟಾಟಾ ಲಾರಿಯ ಒಳಗಿನ ಲೆಕ್ಕ

“ಹಳೇ ಟಾಟಾ ಲಾರಿ ಒಳಗಿರೋದು ಜರ್ಮನಿಯ ಬೆಂಜ್ ಎಂಜಿನ್. ಆಗಿನ ಕಬ್ಬಿಣವೇ ಬೇರೆ. ಆರು ಸಿಲಿಂಡರ್ ಇದ್ದರೆ ಐವತ್ತು ವರ್ಷ ಗ್ಯಾರಂಟಿ. ಈಗಿನ ಬಿಎಸ್-6 ಎಲ್ಲಾ ಡಬ್ಬಾ!” ಇಂಥ ಧಾಟಿಯ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಓದಿ ನಕ್ಕು ಮುಂದಕ್ಕೆ ಕಳಿಸಿದರೆ ನಷ್ಟವಿಲ್ಲ. ಆದರೆ ಗಂಗಾವತಿಯಲ್ಲಿ ಭತ್ತದ ಸುಗ್ಗಿ ಹತ್ತಿರ ಬಂದಾಗ, ಇದನ್ನೇ ನಂಬಿ ಯಲಬುರ್ಗಾ ಕಡೆಯವರೊಬ್ಬರು ಸಾಲ ಮಾಡಿ ಹಳೇ ಲಾರಿ ಕೊಂಡರೆ ಅದು ಬರೀ ತಮಾಷೆಯಾಗಿ ಉಳಿಯುವುದಿಲ್ಲ. ಹಾಗಾಗಿ ಈ ಸಂದೇಶದಲ್ಲಿ ಎಷ್ಟು ನಿಜ, ಎಷ್ಟು ಉತ್ಪ್ರೇಕ್ಷೆ ಎಂದು ನಾವು ಒಂದೊಂದಾಗಿ ಬಿಡಿಸಿ ನೋಡುತ್ತೇವೆ.

ಮೊದಲಿಗೆ ‘ಬೆಂಜ್’ ವಿಷಯ. ಇದು ನಿಜ. ರೈಲ್ವೆ ಎಂಜಿನ್ ತಯಾರಿಸಲು 1945ರಲ್ಲಿ ಶುರುವಾದ ಟೆಲ್ಕೊ ಕಂಪನಿ, 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಹದಿನೈದು ವರ್ಷಗಳ ಒಪ್ಪಂದ ಮಾಡಿಕೊಂಡು ಜಮ್ಶೆಡ್‌ಪುರದಲ್ಲಿ ಲಾರಿ ತಯಾರಿಕೆಗೆ ಇಳಿಯಿತು. ಆಗ ಲಾರಿಯ ಮುಂದೆ ಬೆಂಜ್‌ನ ಮೂರು ಮೂಲೆಯ ನಕ್ಷತ್ರವೇ ಇತ್ತು. 1969ರಲ್ಲಿ ಒಪ್ಪಂದ ಮುಗಿದ ಮೇಲೆ ಆ ಜಾಗಕ್ಕೆ ‘ಟಿ’ ಅಕ್ಷರ ಬಂತು. ಆದರೂ ಹಳೇ ಡ್ರೈವರ್‌ಗಳ ಬಾಯಲ್ಲಿ ಅದು ‘ಟಾಟಾ ಬೆಂಜ್’ ಆಗಿಯೇ ಉಳಿಯಿತು.

ಆ ಎಂಜಿನ್ ವಂಶದ ಹಿರಿಯ, 1949ರಲ್ಲಿ ಬಂದ ಬೆಂಜ್ ಓಎಂ 312. ಆರು ಸಿಲಿಂಡರ್, 4.6 ಲೀಟರ್, 90 ಅಶ್ವಶಕ್ತಿ. 1964ರಲ್ಲಿ ಬಂದ ಓಎಂ 352 ಅದರ ಮುಂದಿನ ತಲೆಮಾರು. ಹಳೆಯದರಲ್ಲಿ ಡೀಸೆಲ್ ಮೊದಲು ಒಂದು ಪುಟ್ಟ ಕೋಣೆಯಲ್ಲಿ ಹೊತ್ತಿಕೊಂಡು ಆಮೇಲೆ ಸಿಲಿಂಡರ್‌ಗೆ ಹರಡುತ್ತಿತ್ತು. ಹೊಸದರಲ್ಲಿ ಇಂಧನ ನೇರ ಸಿಲಿಂಡರ್ ಒಳಗೇ ಚಿಮ್ಮುತ್ತದೆ, ಶಾಖ ಪೋಲಾಗುವುದು ಕಡಿಮೆ, ಡೀಸೆಲ್ ಉಳಿಯುತ್ತದೆ. ನಮ್ಮ ರಸ್ತೆಗಳಲ್ಲಿ ಓಡಿದ ಟಾಟಾ 692 ಮತ್ತು 697 ಎಂಜಿನ್‌ಗಳು ಇದೇ ಮನೆತನದವು.

697 ಎಂಬ ಅಂಕಿ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಸರಳ. 6 ಎಂದರೆ ಆರು ಸಿಲಿಂಡರ್, 97 ಎಂದರೆ ಪ್ರತಿ ಸಿಲಿಂಡರ್‌ನ ಒಳ ಅಗಲ 97 ಮಿಲಿಮೀಟರ್. ಪಿಸ್ಟನ್ ಮೇಲೆ-ಕೆಳಗೆ ಚಲಿಸುವ ದೂರ 128 ಮಿಲಿಮೀಟರ್. ನಿಮ್ಮ ಮೊಬೈಲ್‌ನ ಕ್ಯಾಲ್ಕುಲೇಟರ್ ತೆಗೆಯಿರಿ: 9.7ನ್ನು 9.7ರಿಂದ ಗುಣಿಸಿ, ಅದನ್ನು 0.7854ರಿಂದ, ಆಮೇಲೆ 12.8ರಿಂದ, ಕೊನೆಗೆ 6ರಿಂದ. 5675 ಬರುತ್ತದೆ. ಎಂಜಿನ್‌ನ ಸಿಸಿ ಅದೇ! ಕೊನೆಗೆ 6ರ ಬದಲು 4ರಿಂದ ಗುಣಿಸಿದರೆ 3783, ಅಂದರೆ ಟಾಟಾದ ಇನ್ನೊಂದು ಎಂಜಿನ್ 497. ಅದೇ ಅಳತೆಯ ಸಿಲಿಂಡರ್, ಎರಡು ಕಡಿಮೆ ಅಷ್ಟೇ.

ಇನ್ನು ಆರರ ಗುಟ್ಟು. ಒಂದೇ ಒರಳಿಗೆ ನಾಲ್ಕು ಜನ ಒನಕೆ ಹಾಕುವುದನ್ನು ನೆನಪಿಸಿಕೊಳ್ಳಿ. ಸರದಿ ಸರಿಯಾಗಿದ್ದರೆ ಏಟಿನ ನಡುವೆ ಬಿಡುವು ಸಮ. ಆರು ಜನರಾದರೆ ಬಿಡುವು ಇನ್ನೂ ಚಿಕ್ಕದು. ಡೀಸೆಲ್ ಎಂಜಿನ್‌ನ ಪ್ರತಿ ಸಿಲಿಂಡರ್, ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಒಮ್ಮೆ ಬಲ ಕೊಡುತ್ತದೆ. ನಾಲ್ಕು ಸಿಲಿಂಡರ್ ಇದ್ದರೆ ಪ್ರತಿ 180 ಡಿಗ್ರಿಗೆ ಒಂದು ಏಟು, ಆರಿದ್ದರೆ ಪ್ರತಿ 120 ಡಿಗ್ರಿಗೆ. ಇದು ಅರ್ಧ ಕಥೆ ಮಾತ್ರ. ಪಿಸ್ಟನ್‌ಗಳು ಮೇಲೆ ಹೋಗಿ ಕೆಳಗೆ ಬರುವಾಗ ಎಂಜಿನ್ನನ್ನೇ ಅಲುಗಾಡಿಸುತ್ತವೆ. ಒಂದೇ ಸಾಲಿನ ಆರು ಸಿಲಿಂಡರ್‌ನಲ್ಲಿ 1-6, 2-5, 3-4 ಹೀಗೆ ಜೋಡಿಗಳಿವೆ, ಜೋಡಿ ಜೋಡಿಯ ನಡುವೆ 120 ಡಿಗ್ರಿ ಅಂತರ. ಹಾಗಾಗಿ ಒಂದು ಜೋಡಿಯ ಅಲುಗಾಟವನ್ನು ಉಳಿದೆರಡು ಜೋಡಿ ಹೆಚ್ಚುಕಡಿಮೆ ಪೂರ್ತಿ ಹೊಡೆದುಹಾಕುತ್ತವೆ. ನಾಲ್ಕು ಸಿಲಿಂಡರ್‌ನಲ್ಲಿ ಈ ಲೆಕ್ಕ ಪೂರ್ತಿ ಚುಕ್ತಾ ಆಗುವುದಿಲ್ಲ, ಸ್ವಲ್ಪ ನಡುಕ ಉಳಿಯುತ್ತದೆ.

ಕಾರು ತಯಾರಕರಿಗೂ ಇದು ಹಳೇ ಪಾಠ. ಹಾಲೆಂಡಿನ ಸ್ಪೈಕರ್ 1903ರಲ್ಲೇ ಆರು ಸಿಲಿಂಡರ್ ಕಾರು ಮಾಡಿತ್ತು. ಮರ್ಸಿಡಿಸ್ 1990ರ ದಶಕದ ಕೊನೆಗೆ ಸಾಲು ಎಂಜಿನ್ ಕೈಬಿಟ್ಟು, ಉದ್ದ ಕಡಿಮೆಯಾಗಲೆಂದು ‘ವಿ’ ಆಕಾರಕ್ಕೆ ಹೋಗಿತ್ತು. 2017ರಲ್ಲಿ ಮತ್ತೆ ಸಾಲಿಗೇ ಬಂತು.

ಹಾಗಾದರೆ ಲಾರಿಯ ಎಂಜಿನ್ ಅಷ್ಟು ವರ್ಷ ಬಾಳುವುದು ಏಕೆ? ‘ಆಗಿನ ಕಬ್ಬಿಣವೇ ಬೇರೆ’ ಎಂಬ ಮಾತು ಕೊಪ್ಪಳದವರಿಗೆ ನಗು ತರಿಸಬೇಕು. ಕೊಪ್ಪಳ ಜಿಲ್ಲೆಯ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ಎಂಜಿನ್‌ಗಳ ಸಿಲಿಂಡರ್ ಬ್ಲಾಕ್, ಸಿಲಿಂಡರ್ ಹೆಡ್‌ಗಳನ್ನು ಇವತ್ತಿಗೂ ಎರಕ ಹೊಯ್ಯುತ್ತಾರೆ. ಆಗಲೂ ಈಗಲೂ ಲಾರಿ ಎಂಜಿನ್ ಬ್ಲಾಕಿಗೆ ಹೆಚ್ಚಾಗಿ ಬಳಸುವುದು ಬೂದು ಎರಕದ ಕಬ್ಬಿಣವೇ. ಅದರೊಳಗೆ ಚೂರುಚೂರಾಗಿ ಹರಡಿರುವ ಗ್ರಾಫೈಟ್ ನಡುಕ ಹೀರುತ್ತದೆ, ಸವೆತ ತಡೆಯಲು ನೆರವಾಗುತ್ತದೆ. ಜರ್ಮನಿಯ ಮಂತ್ರವೇನೂ ಅದರಲ್ಲಿಲ್ಲ.

ಬಾಳಿಕೆಯ ನಿಜವಾದ ಕಾರಣಗಳು ಬೇರೆ. ಓಎಂ 352 ನಿಮಿಷಕ್ಕೆ ಹೆಚ್ಚೆಂದರೆ 2800 ಸುತ್ತು ತಿರುಗುತ್ತದೆ. ಪೆಟ್ರೋಲ್ ಕಾರು 6000 ಮುಟ್ಟುತ್ತದೆ. ಕ್ರ್ಯಾಂಕ್‌ಗೆ ಏಳು ಕಡೆ ಬೇರಿಂಗ್ ಆಧಾರವಿದೆ, ಅಂದರೆ ಪ್ರತಿ ಸಿಲಿಂಡರ್‌ನ ಎರಡೂ ಬದಿಗೆ. ಡೀಸೆಲ್ ಪಂಪ್ ಪೂರ್ತಿ ಯಾಂತ್ರಿಕ, ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಸವೆದರೆ ಬೋರ್ ಮಾಡಿ, ಪಿಸ್ಟನ್-ರಿಂಗ್ ಬದಲಿಸಿ ಮತ್ತೆ ಓಡಿಸಬಹುದು. ಕುಷ್ಟಗಿ ದಾಟುವ ಹೆದ್ದಾರಿ 50ರ ಪಕ್ಕದ ಯಾವುದೋ ಶೆಡ್ಡಿನಲ್ಲಿ ಎಂಜಿನ್ ಬಿಚ್ಚಿ ಜೋಡಿಸಬಲ್ಲ ಮಿಸ್ತ್ರಿ ಸಿಗುತ್ತಾನೆ, ಬಿಡಿಭಾಗವೂ ಸಿಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ದೊಡ್ಡ ಕಾರಣ ಇದೇ. ಐವತ್ತು ವರ್ಷ ಓಡಿದ ಎಂಜಿನ್ ಎಂದರೆ ಬಹುತೇಕ ಹಲವು ಸಲ ಹೊಸದಾಗಿ ಹುಟ್ಟಿದ ಎಂಜಿನ್.

ಸಿಲಿಂಡರ್ ಹೆಚ್ಚಿದ್ದರೆ ಶಕ್ತಿ ಹೆಚ್ಚು ಎನ್ನುವುದೂ ಪೂರ್ತಿ ನಿಜವಲ್ಲ. ಟರ್ಬೋ ಇಲ್ಲದ ಓಎಂ 352ರ ಶಕ್ತಿ 126 ಅಶ್ವಶಕ್ತಿ. ಟರ್ಬೋ, ಇಂಟರ್‌ಕೂಲರ್ ಸೇರಿಸಿದ ನಾಲ್ಕು ಸಿಲಿಂಡರ್ 497 ಕೂಡ 120 ದಾಟುತ್ತದೆ. ಸಿಲಿಂಡರ್ ಎಷ್ಟಿವೆ ಎನ್ನುವುದಕ್ಕಿಂತ ಒಳಗೆ ಎಷ್ಟು ಗಾಳಿ ತುಂಬಿದಿರಿ ಎನ್ನುವುದು ಮುಖ್ಯ. ಅಂದಹಾಗೆ, ಬಿಎಸ್-6ರಲ್ಲಿರುವ 6ಕ್ಕೂ ಸಿಲಿಂಡರ್‌ಗೂ ಸಂಬಂಧವಿಲ್ಲ. ಅದು 2020ರ ಏಪ್ರಿಲ್ 1ರಿಂದ ದೇಶವಿಡೀ ಜಾರಿಯಾದ ಹೊಗೆ ನಿಯಮದ ಹೆಸರು.

ಆ ಹೊಗೆಯ ವಿಷಯಕ್ಕೇ ನಾವು ಬರಬೇಕಾಗಿದ್ದು. 2000ದಲ್ಲಿ ಭಾರತದ ದೊಡ್ಡ ಡೀಸೆಲ್ ಎಂಜಿನ್‌ಗೆ ಹಾಕಿದ ಮಿತಿ, ಪ್ರತಿ ಯೂನಿಟ್ ಶಕ್ತಿಗೆ 0.36 ಗ್ರಾಂ ಮಸಿ ಕಣ. ಬಿಎಸ್-6ರಲ್ಲಿ 0.01 ಗ್ರಾಂ. ಅಂದರೆ 36ರಲ್ಲಿ ಒಂದು ಪಾಲು. ಅದಕ್ಕೂ ಹಿಂದಿನ ಎಂಜಿನ್‌ಗಳು ಈ ಲೆಕ್ಕಕ್ಕೇ ಸಿಗುವುದಿಲ್ಲ. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಖಚಿತವಾಗಿ ಹೇಳಿದೆ. ಗಿರಣಿ ಅಂಗಳದಲ್ಲಿ ಎಂಜಿನ್ ಆಫ್ ಮಾಡದೆ ನಿಂತ ಲಾರಿಯ ಹಿಂದೆ ಮೂಟೆ ಹೊರುವ ಹಮಾಲರು ದಿನವಿಡೀ ಉಸಿರಾಡುವುದು ಅದನ್ನೇ. ‘ಗಟ್ಟಿ ಎಂಜಿನ್’ ಎಂದು ಹೊಗಳುವ ಸಂದೇಶಗಳಲ್ಲಿ ಅವರ ಸುದ್ದಿ ಇರುವುದಿಲ್ಲ.

ಬಿಎಸ್-6 ಗಾಡಿಯಲ್ಲೂ ತಾಪತ್ರಯ ಇಲ್ಲವೆಂದಲ್ಲ. ರಿಪೇರಿ ದುಬಾರಿ, ಊರ ಮಿಸ್ತ್ರಿಯ ಕೈಗೆ ಸುಲಭವಾಗಿ ಸಿಗುವುದಿಲ್ಲ. ಈ ದೂರು ನ್ಯಾಯವಾದದ್ದು. ಆದರೆ ಇದರ ಜೊತೆಗೇ ಬರುವ ಇನ್ನೊಂದು ಸಲಹೆ ಅಪಾಯದ್ದು: “ಡಿಇಎಫ್ ಯಾಕೆ ಕೊಳ್ಳುತ್ತೀರಿ, ಹೊಲದ ಯೂರಿಯಾ ನೀರಿಗೆ ಹಾಕಿ ಸುರಿಯಿರಿ.” ಡಿಇಎಫ್‌ನಲ್ಲಿ 32.5 ಶೇಕಡಾ ಯೂರಿಯಾ ಇರುವುದು ನಿಜ, ಆದರೆ ಅದು ಶುದ್ಧ ಯೂರಿಯಾ, ಶುದ್ಧ ನೀರು. ನಮ್ಮ ರೈತರಿಗೆ ಸಿಗುವ ಗೊಬ್ಬರಕ್ಕೆ ಬೇವಿನೆಣ್ಣೆ ಲೇಪ ಇರುತ್ತದೆ. ಬೋರ್‌ವೆಲ್ ನೀರಿನ ಉಪ್ಪು ಬೇರೆ. ನಳಿಕೆ ಕಟ್ಟಿಕೊಂಡು ಹೊಗೆ ಶುದ್ಧಿ ಮಾಡುವ ಭಾಗ ಹಾಳಾದರೆ ಉಳಿಸಿದ ದುಡ್ಡಿನ ಹಲವು ಪಟ್ಟು ಗ್ಯಾರೇಜಿಗೆ ಹೋಗುತ್ತದೆ. ಸಬ್ಸಿಡಿ ಗೊಬ್ಬರವನ್ನು ಬೇರೆ ಕೆಲಸಕ್ಕೆ ಬಳಸುವುದು ಕಾನೂನಿಗೂ ವಿರುದ್ಧ.

ಇಷ್ಟಾದ ಮೇಲೂ ಹಳೇ ಆರು ಸಿಲಿಂಡರ್ ಗಾಡಿಯನ್ನೇ ಕೊಳ್ಳುವುದಿದ್ದರೆ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ರಿಂಗ್ ಅಥವಾ ಬೋರ್ ಸವೆದಿರಬಹುದು. ದಟ್ಟ ಕಪ್ಪು ಹೊಗೆಯಾದರೆ ಪಂಪ್, ನಾಜಲ್ ಅಥವಾ ಗಾಳಿಯ ಫಿಲ್ಟರ್ ನೋಡಿಸಿ. ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರ್ ನೀರು ಸಿಲಿಂಡರ್‌ಗೆ ಇಳಿಯುತ್ತಿದೆಯೇ ಪರೀಕ್ಷಿಸಿ. ಆಯಿಲ್ ಮುಚ್ಚಳ ತೆಗೆದಾಗ ಹಬೆಯಂತೆ ಗಾಳಿ ಜೋರಾಗಿ ನುಗ್ಗಿದರೆ ಬೋರ್ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಎಂಜಿನ್ ನಂಬರ್ ಆರ್‌ಸಿಯಲ್ಲಿರುವುದಕ್ಕೆ ಹೊಂದುತ್ತದೆಯೇ ನೋಡಿ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕು. ಆ ಪತ್ರದ ತಾರೀಕು ನೋಡದೆ ಮುಂಗಡ ಕೊಡಬೇಡಿ.