ಫೈನಲ್ ಹಿಂದಿನ ರಾತ್ರಿ ಬಂದವರು

ಕಳೆದ ವರ್ಷ ತೊಗರಿ ರಾಶಿ ಮುಗಿದ ಮೇಲೆ ಸೇಡಂನಲ್ಲಿ ಒಂದು ಟೆನಿಸ್ ಬಾಲ್ ಟೂರ್ನಿ ನಡೆಯಿತು. ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯಿಂದಲೂ ತಂಡಗಳು ಬಂದಿದ್ದವು. ಒಂದು ತಂಡಕ್ಕೆ ನಾನು ನಾಯಕ. ಲೀಗ್ ಪಂದ್ಯಗಳನ್ನೆಲ್ಲ ನಮ್ಮ ಓಣಿಯ ಹುಡುಗರೇ ಆಡಿ ಗೆದ್ದರು. ಫೈನಲ್ ಹಿಂದಿನ ರಾತ್ರಿ ನಾವು ರೊಕ್ಕ ಕೂಡಿಸಿ ಕಲಬುರಗಿಯಿಂದ ಇಬ್ಬರು ಆಟಗಾರರನ್ನು ಕರೆಸಿದೆವು. ಎದುರಾಳಿಗಳು ಜಗಳ ತೆಗೆದಾಗ, ‘ನಿಮಗೂ ಬೇಕಂದ್ರ ನೀವೂ ಕರಸ್ರಿ, ಯಾರ್ ಬ್ಯಾಡ ಅಂದಾರ?’ ಎಂದವನು ನಾನೇ. ತಡೆಯುವ ನಿಯಮ ಇರಲಿಲ್ಲ. ನಾವು ಗೆದ್ದೆವು.

ಆ ಇಬ್ಬರಿಗಾಗಿ ಇಬ್ಬರನ್ನು ಹೊರಗೆ ಕೂರಿಸಬೇಕಾಯಿತು. ಅವರಲ್ಲೊಬ್ಬ ಕಲ್ಲು ಪಾಲಿಶ್ ಮಾಡುವ ಘಟಕದಲ್ಲಿ ರಾತ್ರಿ ಪಾಳಿ ಮುಗಿಸಿ, ನಿದ್ದೆಗೆಟ್ಟು ಬಂದು ಪ್ರತಿ ಪಂದ್ಯ ಆಡಿದವನು. ಕಪ್ ಹಿಡಿದು ಫೋಟೊ ತೆಗೆಸಿಕೊಳ್ಳುವಾಗ ಅವನು ಇರಲಿಲ್ಲ.

ದೊಡ್ಡ ಲೀಗ್‌ಗಳಲ್ಲಿ ಆಟಗಾರರ ವರ್ಗಾವಣೆಗೆ ಕೊನೆಯ ದಿನ ಯಾಕೆ ಇಡುತ್ತಾರೆ ಎಂದು ಅಲ್ಲಿಂದ ಓದತೊಡಗಿದೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ 1922ರ ಜುಲೈನಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡ ಜೋ ಡೂಗನ್ ಎಂಬ ಆಟಗಾರನನ್ನು ಬಾಸ್ಟನ್‌ನಿಂದ ಪಡೆಯಿತು. ಪ್ರಶಸ್ತಿಯ ಪೈಪೋಟಿ ಬಿಸಿಯಾಗಿದ್ದಾಗ ಹಣವಿರುವ ತಂಡ ಹೀಗೆ ಮಾಡಿದ್ದಕ್ಕೆ ಗದ್ದಲವೆದ್ದಿತು. ಮರುವರ್ಷದಿಂದ ಜೂನ್ 15ರ ಗಡುವು ಬಂತು. ಸೇಡಂನಲ್ಲಿ ನಾವು ಮಾಡಿದ್ದೂ ಯಾಂಕೀಸ್ ಕೆಲಸವೇ.

ಐಪಿಎಲ್‌ನಲ್ಲಿ ಈ ಬಾಗಿಲು ಸೀಸನ್ ಮುಗಿದ ಏಳು ದಿನಕ್ಕೆ ತೆರೆಯುತ್ತದೆ, ಹರಾಜಿಗೆ ಏಳು ದಿನ ಮೊದಲು ಮುಚ್ಚುತ್ತದೆ. ಹರಾಜು ಮುಗಿದ ಮೇಲೆ ಮತ್ತೆ ತೆರೆದರೂ, ಹೊಸ ಸೀಸನ್‌ಗೆ ಒಂದು ತಿಂಗಳಿರುವಾಗ ಬಂದ್. 2023ರ ಡಿಸೆಂಬರ್ 19ರಂದು ಹರಾಜು ಇತ್ತು, ಡಿಸೆಂಬರ್ 12ಕ್ಕೆ ವಿನಿಮಯ ನಿಂತಿತು. ಹಾರ್ದಿಕ್ ಪಾಂಡ್ಯ ಮುಂಬೈಗೆ, ಕ್ಯಾಮರೂನ್ ಗ್ರೀನ್ ಆರ್‌ಸಿಬಿಗೆ ಹೋದದ್ದು ಅದಕ್ಕೆ ಮೊದಲೇ, ನವೆಂಬರ್‌ನಲ್ಲಿ. ಅದೇ ತಿಂಗಳು ನಮ್ಮ ಗುಲ್ಬರ್ಗಾ ಮಿಸ್ಟಿಕ್ಸ್ ಪರ ಆಡಿದ್ದ ದೇವದತ್ತ ಪಡಿಕ್ಕಲ್ ರಾಜಸ್ಥಾನದಿಂದ ಲಖನೌಗೆ ಹೋದರು, ಬದಲಿಗೆ ಆವೇಶ್ ಖಾನ್ ರಾಜಸ್ಥಾನಕ್ಕೆ ಬಂದರು.

ಗಡುವು ಮುಗಿದ ಮೇಲೆ ಆಟಗಾರ ಗಾಯಗೊಂಡರೆ? ಅದಕ್ಕೂ ಮೊದಲೇ ಬರೆದಿಟ್ಟ ದಾರಿಯಿದೆ. 2025ರಲ್ಲಿ ಪಡಿಕ್ಕಲ್ ಆರ್‌ಸಿಬಿಯಲ್ಲಿದ್ದರು, ಸೀಸನ್ ನಡುವೆ ಸ್ನಾಯು ಸೆಳೆತದಿಂದ ಹೊರಬಿದ್ದರು. ಆ ವರ್ಷದ ನಿಯಮದಂತೆ ತಂಡದ 12ನೇ ಲೀಗ್ ಪಂದ್ಯದವರೆಗೆ ಬದಲಿ ಆಟಗಾರನನ್ನು ತರಬಹುದಿತ್ತು. ಆರ್‌ಸಿಬಿ 11 ಪಂದ್ಯ ಆಡಿ ಮುಗಿಸಿತ್ತು. ಹರಾಜಿನಲ್ಲಿ ಯಾರೂ ಕೊಳ್ಳದೆ ಉಳಿದಿದ್ದ ಮಯಾಂಕ್ ಅಗರ್‌ವಾಲ್ ಆಗ ಒಳಗೆ ಬಂದರು. ಲಖನೌ ವಿರುದ್ಧ 228 ರನ್ ಬೆನ್ನಟ್ಟಿದಾಗ ಔಟಾಗದೆ 41 ಹೊಡೆದರು. ಜೂನ್ 3ರಂದು ಕಪ್ ಗೆದ್ದ ತಂಡದಲ್ಲಿ ಆಡಿದರು. ಅವರೂ ತಡವಾಗಿಯೇ ಬಂದವರು. ಆದರೆ ಗಾಯಾಳುವಿನ ಜಾಗಕ್ಕೆ, ಎಲ್ಲ ತಂಡಗಳಿಗೂ ಗೊತ್ತಿದ್ದ ನಿಯಮದಡಿ ಬಂದರು. ನಾವು ಕರೆಸಿದವರು ಚೆನ್ನಾಗಿದ್ದ ಹುಡುಗನನ್ನು ಎಬ್ಬಿಸಿ ಕೂತರು.

ಗಡುವು ದೊಡ್ಡವರನ್ನೂ ಬಿಡುವುದಿಲ್ಲ. 2015ರ ಆಗಸ್ಟ್ 31ರ ರಾತ್ರಿ ಮ್ಯಾಂಚೆಸ್ಟರ್ ಯುನೈಟೆಡ್ ಗೋಲ್‌ಕೀಪರ್ ಡೇವಿಡ್ ಡಿ ಹಿಯಾ ರಿಯಲ್ ಮ್ಯಾಡ್ರಿಡ್ ಸೇರುವುದು ಕಾಗದಪತ್ರ ಸಮಯಕ್ಕೆ ತಲುಪದೆ ನಿಂತುಹೋಯಿತು.

ಹಾಗೆಂದು ಗಡುವೊಂದಿದ್ದರೆ ನ್ಯಾಯ ಸಿಕ್ಕಿತು ಎನ್ನಲಾಗದು. ಆಟಗಾರನ ಮಾತಿಗೆ ಬೆಲೆಯಿದೆಯೇ ಎಂಬುದೂ ಮುಖ್ಯ. ಐಪಿಎಲ್ ವಿನಿಮಯಕ್ಕೆ ಆಟಗಾರನ ಒಪ್ಪಿಗೆ ಬೇಕು. ಆದರೆ ಅವನೇ ಬೇರೆ ತಂಡದ ಜೊತೆ ಮಾತಿಗೆ ಕೂತರೆ ತಪ್ಪು: 2010ರಲ್ಲಿ ರವೀಂದ್ರ ಜಡೇಜ ಇದೇ ಕಾರಣಕ್ಕೆ ಇಡೀ ಸೀಸನ್ ಕಳೆದುಕೊಂಡರು. ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್‌ನಲ್ಲಿ ಬಹುತೇಕ ಆಟಗಾರರಿಗೆ ಬೇಡ ಎನ್ನುವ ಹಕ್ಕೂ ಇಲ್ಲ. 2025ರ ಫೆಬ್ರುವರಿಯಲ್ಲಿ ಗಡುವಿಗೆ ಕೆಲವೇ ದಿನವಿದ್ದಾಗ ಲೂಕಾ ಡಾನ್ಚಿಚ್‌ರಂಥ ತಾರೆಯನ್ನೇ ಡಲ್ಲಾಸ್ ತಂಡ ಲಾಸ್ ಏಂಜಲೀಸ್‌ಗೆ ಕೊಟ್ಟುಬಿಟ್ಟಿತು.

ನೌಕರಿ ಹುಡುಕುವ ನಮಗೂ ಇದು ದೂರದ ಮಾತಲ್ಲ. ಅರ್ಜಿಯ ಕೊನೆಯ ದಿನಾಂಕ ನೋಡಿದರೆ ಎದೆ ಬಡಿದುಕೊಳ್ಳುತ್ತದೆ, ಬೈಯುತ್ತೇವೆ. ಆದರೆ ಆ ದಿನಾಂಕ ಎಲ್ಲರಿಗೂ ಒಂದೇ ಆಗಿದ್ದು, ನಡುವೆ ಯಾರಿಗಾಗಿಯೂ ಬದಲಾಗದಿದ್ದರೆ, ವಶೀಲಿ ಇಲ್ಲದವನನ್ನು ಕಾಯುವುದು ಅದೇ. ನೇಮಕಾತಿ ಶುರುವಾದ ಮೇಲೆ, ನಿಯಮದಲ್ಲೇ ಅವಕಾಶ ಇರದ ಹೊರತು, ಅರ್ಹತೆಯ ಮಾನದಂಡವನ್ನು ನಡುವೆ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 7ರಂದು ಹೇಳಿತು. ಆಟ ಶುರುವಾದ ಮೇಲೆ ಆಟದ ನಿಯಮ ಬದಲಿಸಬಾರದು ಎಂಬುದೇ ಆ ತೀರ್ಪಿನ ಸಾರ. ಫೈನಲ್ ದಿನ ನಾನು ಕೇಳಿದ್ದ ಪ್ರಶ್ನೆಗೆ ಅದರಲ್ಲಿ ಉತ್ತರ ಸಿಕ್ಕಿತು.

ಈ ವರ್ಷ ಟೂರ್ನಿಯ ಸಭೆಗೆ ಹೋಗಿ ಮೂರು ಮಾತು ಹೇಳಿದೆ. ಮೊದಲ ಪಂದ್ಯಕ್ಕೆ ಮೂರು ದಿನ ಮುಂಚೆ 15 ಹೆಸರಿನ ಪಟ್ಟಿ ಮುಚ್ಚಬೇಕು. ಗಾಯವಾದರೆ ಮಾತ್ರ ಬದಲಿ ಕೊಡಬೇಕು. ಕನಿಷ್ಠ ಎರಡು ಲೀಗ್ ಪಂದ್ಯ ಆಡದವರಿಗೆ ಫೈನಲ್ ಇಲ್ಲ. ‘ಹೋದ ವರ್ಷ ಎಲ್ಲಿ ಹೋಗಿತ್ತೋ ಈ ಶಾಣ್ಯಾತನ?’ ಎಂದು ಒಬ್ಬರು ನಕ್ಕರು. ನಾನೂ ತಲೆ ತಗ್ಗಿಸಿ ನಕ್ಕೆ. ನಿಯಮ ಒಪ್ಪಿಗೆಯಾಯಿತು.

ಪಟ್ಟಿ ಮುಚ್ಚುವ ಹಿಂದಿನ ದಿನ ಆ ಹುಡುಗನ ಮನೆಗೆ ಹೋಗಿ ಕರೆದೆ. ಅವನು ಚಹಾ ಕೊಟ್ಟ, ಕೂರಿಸಿ ಮಾತಾಡಿಸಿದ. ‘ಚಿತ್ತಾಪುರದವರ ಪಟ್ಯಾಗ ಹೆಸರು ಕೊಟ್ಟೀನಣ್ಣ’ ಎಂದ. ಗಡುವಿನೊಳಗೇ ಕೊಟ್ಟಿದ್ದ. ನಾನು ತಕರಾರು ಮಾಡಲಿಲ್ಲ.