ಹಳಗನ್ನಡದ ತರಗತಿ: ಕಿವಿ ಮೊದಲು, ಪರದೆ ಅನಂತರ

ಹಳಗನ್ನಡ ಕಾವ್ಯದ ಬೋಧನೆಗೆ ಇಂದು ಇರುವಷ್ಟು ಸಲಕರಣೆ ಹಿಂದೆಂದೂ ಇರಲಿಲ್ಲ. ಪಂಪನ ‘ವಿಕ್ರಮಾರ್ಜುನ ವಿಜಯ’, ಕೇಶಿರಾಜನ ‘ಶಬ್ದಮಣಿದರ್ಪಣ’, 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟು ಇವೆಲ್ಲ ವಿದ್ಯಾರ್ಥಿಯ ಮೊಬೈಲಿನಲ್ಲಿಯೇ ದೊರೆಯುತ್ತವೆ. ಹಾಗಿದ್ದೂ ಸ್ನಾತಕೋತ್ತರ ತರಗತಿಯಲ್ಲಿ ಒಂದು ಕಂದಪದ್ಯವನ್ನು ತಡವರಿಸದೆ ಓದಬಲ್ಲವರು ವಿರಳ. ಇದಕ್ಕೆ ಯಂತ್ರವನ್ನು ದೂರುವುದು ಸುಲಭ. ಆದರೆ ಅದು ಅರ್ಧಸತ್ಯ.

ಪದ್ಯವನ್ನು ಗಟ್ಟಿಯಾಗಿ ಓದಿ, ಸಂಧಿ ಬಿಡಿಸಿ, ಅನ್ವಯ ಹೇಳಿ, ಕೊನೆಗೆ ತಾತ್ಪರ್ಯಕ್ಕೆ ಬರುವುದು ಸಾಂಪ್ರದಾಯಿಕ ಪಾಠಕ್ರಮ. ಯಂತ್ರ ಬರುವುದಕ್ಕೆ ಮುನ್ನವೇ ಅನೇಕ ಕಾಲೇಜುಗಳಲ್ಲಿ ಈ ಕ್ರಮ ಸೊರಗಿತ್ತು. ಅದರ ಸ್ಥಾನದಲ್ಲಿ ಸಾರಾಂಶ ಬರೆಸುವ ರೂಢಿ ಬೇರೂರಿತ್ತು. ಅಂದು ಉಕ್ತಲೇಖನವಾಗಿದ್ದ ಟಿಪ್ಪಣಿಯೇ ಇಂದು ಪಿಡಿಎಫ್ ಆಗಿದೆ. ನಾಳೆ ಕೃತಕ ಬುದ್ಧಿಮತ್ತೆ ಬರೆದುಕೊಡುತ್ತದೆ. ಮೂರರಲ್ಲಿಯೂ ಇಲ್ಲದಿರುವುದು ಪದ್ಯವೇ.

ಈ ಕೊರತೆ ಎಲ್ಲಿ ಕಾಡುತ್ತದೆ ಎಂಬುದಕ್ಕೆ ಎರಡು ಅಕ್ಷರಗಳೇ ಸಾಕು. ಹಳಗನ್ನಡದಲ್ಲಿ ‘ಬಾಳ್’ ಎಂದರೆ ಖಡ್ಗ, ‘ಬಾೞ್’ ಎಂದರೆ ಬದುಕು. ‘ಅರಿ’ ಎಂದರೆ ಕತ್ತರಿಸು, ‘ಅಱಿ’ ಎಂದರೆ ತಿಳಿ. ಜಾಲತಾಣದಿಂದ ನಕಲಾಗುತ್ತ ಬಂದ ಪಠ್ಯಗಳಲ್ಲಿ ೞಕಾರ ಳಕಾರವಾಗಿಯೂ ಱಕಾರ ರಕಾರವಾಗಿಯೂ ಎಷ್ಟೋ ಕಡೆ ಮಾರ್ಪಟ್ಟಿರುತ್ತವೆ. ತಿಳಿಯಬೇಕಾದವನು ಕತ್ತರಿಸಲು ಹೊರಡುತ್ತಾನೆ! ಯೂನಿಕೋಡ್ ಪಟ್ಟಿಯೂ ೞಕಾರಕ್ಕೆ ಮೊದಲು ಕೊಟ್ಟ ಹೆಸರು ‘ಕನ್ನಡ ಲೆಟರ್ ಫಾ’. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಆ ತಪ್ಪು ಹಾಗೆಯೇ ಉಳಿದು, ಸರಿಯಾದ ಹೆಸರು ತಿದ್ದುಪಡಿಯ ರೂಪದಲ್ಲಿ ಪಕ್ಕದಲ್ಲಿ ಸೇರಿದೆ. ಕೇಶಿರಾಜನು ರಳ, ಕುಳ, ಕ್ಷಳಗಳೆಂದು ವಿಂಗಡಿಸಿ ಕಾಪಾಡಲೆಳಸಿದ ಭೇದಕ್ಕೆ ಗಣಕಲೋಕದಲ್ಲಿ ಸಂದ ಗತಿ ಇದು.

ಇಂತಹ ಪಾಠದೋಷವನ್ನು ಹಿಡಿಯುವ ಸಾಧನ ಛಂದಸ್ಸಿನಲ್ಲಿಯೇ ಇದೆ. ಪದ್ಯದ ನಾಲ್ಕು ಪಾದಗಳಲ್ಲಿ ಎರಡನೆಯ ಅಕ್ಷರದ ಪ್ರಾಸ ಕನ್ನಡ ಕವಿಗಳು ಪಾಲಿಸಿಕೊಂಡು ಬಂದ ಕಟ್ಟಳೆ. ಮೂರು ಪಾದಗಳಲ್ಲಿ ೞ ಇದ್ದು ಒಂದರಲ್ಲಿ ಮಾತ್ರ ಳ ಕಂಡರೆ, ಪ್ರಾಸದ ಪರಿಚಯವುಳ್ಳ ವಿದ್ಯಾರ್ಥಿ ಅಲ್ಲಿ ನಿಲ್ಲುತ್ತಾನೆ. ಮಾತ್ರೆ ತಪ್ಪಿದರೆ ಅವನ ನಾಲಗೆಯೇ ಎಡವುತ್ತದೆ. ಆ ಎಡವುವಿಕೆಯನ್ನು ಕಲಿಸಬಲ್ಲದ್ದು ಬಾಯೋದು ಮಾತ್ರ. ಅನಂತರ ಪರದೆ ತೆರೆಯಲಿ. ತಾಳೆಗರಿಯ ಛಾಯಾಚಿತ್ರವನ್ನು ಹಿಗ್ಗಿಸಿ ಲಿಪಿಕಾರ ಬರೆದದ್ದೇನು ಎಂದು ಹತ್ತು ಮಂದಿ ಒಟ್ಟಿಗೆ ನೋಡುವ ಭಾಗ್ಯ ಹಿಂದಿನ ಗುರುಕುಲಕ್ಕೆ ಇರಲಿಲ್ಲ. ಒಂದು ಪದ ಕಾವ್ಯದಲ್ಲಿ ಎಲ್ಲೆಲ್ಲಿ ಬಂದಿದೆ ಎಂದು ಕ್ಷಣದಲ್ಲಿ ಹುಡುಕುವ ಸೌಲಭ್ಯವೂ ಸಣ್ಣದಲ್ಲ. ಇವನ್ನು ನಿರಾಕರಿಸುವುದು ಹಠವಷ್ಟೇ.

ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಓದಬಲ್ಲವರು ಇದ್ದಾರೆಂಬ ಭರವಸೆಯಿಲ್ಲದೆ ಅಂತಹ ಶಾಸ್ತ್ರದಾನ ನಡೆಯುವುದಿಲ್ಲ. ಇಂದು ಪ್ರತಿಗಳಿಗೆ ಲೆಕ್ಕವಿಲ್ಲ. ಭರವಸೆ ಮಾತ್ರ ಕುಗ್ಗಿದೆ. ಆಂತರಿಕ ಮೌಲ್ಯಮಾಪನದ ಅಂಕಗಳಲ್ಲಿ ಒಂದು ಪಾಲನ್ನು ಪದ್ಯವನ್ನು ಓದಿ ಅನ್ವಯಿಸುವುದಕ್ಕೆ ಮೀಸಲಿಡಲು ಯಾವ ಹೊಸ ಯಂತ್ರವೂ ಬೇಕಿಲ್ಲ, ಅನುದಾನವೂ ಬೇಕಿಲ್ಲ. ಅಧ್ಯಯನ ಮಂಡಳಿಯ ಒಂದು ಸಭೆ ಸಾಕು.