ಬರೆಯದೇ ಇರೋ ಆಪ್ಷನ್ ಯಾರಿಗೂ ಸಿಗಲ್ಲ

ನನ್ನ ಸಿಇಟಿ ಆಪ್ಷನ್ ಎಂಟ್ರಿ ಪಟ್ಟಿಯ ಪ್ರಿಂಟೌಟ್ ಇನ್ನೂ ಮನೆಯಲ್ಲಿದೆ. ಮೊನ್ನೆ ಊರಿಗೆ ಹೋದಾಗ ತೆಗೆದು ನೋಡಿದೆ. ಒಟ್ಟು 43 ಆಪ್ಷನ್. ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಶನ್ ಸೈನ್ಸ್, ಎಐ-ಎಂಎಲ್, ಡೇಟಾ ಸೈನ್ಸ್. ಕಾಲೇಜು ಬದಲಾಗುತ್ತಾ ಹೋಗುತ್ತೆ, ಬ್ರಾಂಚ್ ಮಾತ್ರ ಇಷ್ಟರಲ್ಲೇ ಸುತ್ತುತ್ತೆ. ಎಲೆಕ್ಟ್ರಿಕಲ್ ಒಂದೂ ಇಲ್ಲ.

ಅದು ಯಾಕೆ ಇರಬೇಕಿತ್ತು ಅಂದ್ರೆ, ನನ್ನ ಮಾವ ಅರಸೀಕೆರೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ರಜೆ ಬಂದ್ರೆ ನಾನು ಅಲ್ಲೇ. ತೋಟದ ಪಂಪ್‌ಸೆಟ್ ಮೋಟರ್ ಸುಟ್ಟುಹೋಗಿ ಬಂದ್ರೆ ಬಿಚ್ಚಿ, ಸುಟ್ಟ ತಾಮ್ರದ ತಂತಿ ಎಳೆದು ಹಾಕಿ, ಹೊಸ ಕಾಯಿಲ್ ಸುತ್ತೋದು. ಮೂರು ಫೇಸಲ್ಲಿ ಒಂದು ಹೋದ್ರೂ ಮೋಟರ್ ಓಡ್ತಾನೇ ಇದ್ದು ಆಮೇಲೆ ಸುಟ್ಟುಹೋಗೋದು ಯಾಕೆ ಅಂತ ನಾನು ಪಿಯುಸಿಗೆ ಬರೋ ಮೊದಲೇ ಮಾವನ ಹತ್ರ ಕಲಿತಿದ್ದೆ. ವಾರ್ನಿಷ್ ವಾಸನೆ ಬಂದ್ರೆ ಈಗಲೂ ಖುಷಿಯಾಗುತ್ತೆ.

ಆದ್ರೆ ರ‍್ಯಾಂಕ್ ಬಂದ ಮೇಲೆ ಮನೆಯಲ್ಲಿ ನಡೆದ ಚರ್ಚೆ ಒಂದೇ: ಕಾಲೇಜ್ ಮುಖ್ಯಾನಾ, ಬ್ರಾಂಚ್ ಮುಖ್ಯಾನಾ? ದೊಡ್ಡಪ್ಪ ಕಾಲೇಜ್ ಅಂದ್ರು. ಪಕ್ಕದ ಮನೆ ಅಂಕಲ್ ಸಿಎಸ್ ಸಿಕ್ಕರೆ ಯಾವ ಕಾಲೇಜಾದ್ರೂ ಪರವಾಗಿಲ್ಲ ಅಂದ್ರು. ನಿನಗೆ ಏನು ಓದೋಕೆ ಇಷ್ಟ ಅಂತ ಯಾರೂ ಕೇಳಲಿಲ್ಲ. ಅವರದ್ದೇ ತಪ್ಪು ಅಂತ ಹೇಳಲ್ಲ, ನಾನೂ ಬಾಯಿ ಬಿಡಲಿಲ್ಲ. ಎಲೆಕ್ಟ್ರಿಕಲ್ ಅಂದ್ರೆ ರ‍್ಯಾಂಕ್ ವೇಸ್ಟ್ ಮಾಡಿದ ಹಾಗೆ ಅಂತ ನನಗೂ ಅನ್ನಿಸಿತ್ತು. ಕಡಿಮೆ ರ‍್ಯಾಂಕ್ ಬಂದವರು ತಗೊಳ್ಳೋ ಬ್ರಾಂಚ್ ಅದು ಅನ್ನೋ ನಾಚಿಕೆ.

ಇಲ್ಲಿ ಸಿಸ್ಟಮ್ ಹೇಗೆ ಕೆಲಸ ಮಾಡುತ್ತೆ ಅಂತ ಹೇಳಲೇಬೇಕು, ಯಾಕಂದ್ರೆ ಫೋನ್ ಮಾಡೋ ಜೂನಿಯರ್ಸ್‌ಗೆಲ್ಲ ಒಂದೇ ಭಯ: "ಸಿಗದೇ ಇರೋ ಸೀಟನ್ನ ಮೊದಲು ಹಾಕಿದ್ರೆ, ಸಿಗೋದೂ ಹೋಗುತ್ತಾ ಅಣ್ಣ?" ಹೋಗಲ್ಲ. ಕೆಇಎ ರ‍್ಯಾಂಕ್ ಪ್ರಕಾರ ಒಬ್ಬೊಬ್ಬರ ಪಟ್ಟಿ ತಗೊಳ್ಳುತ್ತೆ. ಮೊದಲನೇ ಆಪ್ಷನ್ ಖಾಲಿ ಇದ್ಯಾ? ಇಲ್ಲ ಅಂದ್ರೆ ಎರಡನೇದು. ಹೀಗೇ ಕೆಳಗೆ ಬರುತ್ತೆ, ಎಲ್ಲಿ ಸೀಟ್ ಇದೆಯೋ ಅಲ್ಲಿ ನಿಲ್ಲುತ್ತೆ. ಮೇಲೆ ಹತ್ತು ಕನಸು ಬರೆದಿದ್ರೂ ಹನ್ನೊಂದನೇದಕ್ಕೆ ನಷ್ಟ ಇಲ್ಲ. ಆದ್ರೆ ಸಿಕ್ಕಿದ ಸೀಟಿಗಿಂತ ಕೆಳಗೆ ಇರೋದು ಆಮೇಲೆ ಲೆಕ್ಕಕ್ಕೇ ಬರಲ್ಲ. ಚಾಯ್ಸ್ 2 ತಗೊಂಡ್ರೂ ಮುಂದಿನ ರೌಂಡಲ್ಲಿ ನೋಡೋದು ಮೇಲಿನದನ್ನ ಮಾತ್ರ. ಅದಕ್ಕೇ ನಿಜವಾಗಿ ಬೇಕಾಗಿರೋದು ಮೇಲೇ ಇರಬೇಕು. ಮಾಕ್ ಅಲಾಟ್‌ಮೆಂಟ್ ಬಂದ ಮೇಲೂ ಆರ್ಡರ್ ಬದಲಾಯಿಸೋಕೆ ಟೈಮ್ ಕೊಡ್ತಾರೆ. ಅಂದ್ರೆ ಸಿಸ್ಟಮ್ ನಮ್ಮ ಇಷ್ಟವನ್ನ ಎರಡು ಸಲ ಕೇಳುತ್ತೆ. ನಾನು ಎರಡೂ ಸಲ ಬೇರೆಯವರ ಇಷ್ಟ ಬರೆದೆ.

ಸಿಎಸ್ ಕೆಟ್ಟದ್ದು ಅಂತ ಈ ಲೇಖನ ಅಲ್ಲ. ಡೇಟಾ ಸ್ಟ್ರಕ್ಚರ್ಸ್ ಲ್ಯಾಬಲ್ಲಿ ನನ್ನ ಕೋಡ್ ರನ್ ಆಗುತ್ತೆ, ಮಾರ್ಕ್ಸೂ ಬರುತ್ತೆ. ಅದನ್ನೇ ಪ್ರೀತಿಸಿ ಬಂದಿರೋ ಫ್ರೆಂಡ್ಸ್ ರಾತ್ರಿ ಎರಡು ಗಂಟೆಗೆ ಬಗ್ ಸಿಕ್ತು ಅಂತ ಕುಣಿಯೋದು ನೋಡಿದಾಗ ಮಾತ್ರ ವ್ಯತ್ಯಾಸ ಗೊತ್ತಾಗುತ್ತೆ. ಮೂರನೇ ಸೆಮ್‌ಗೆ ಮುಂಚೆ ಬ್ರಾಂಚ್ ಚೇಂಜ್‌ಗೆ ಅರ್ಜಿ ಹಾಕಬಹುದಿತ್ತು. ಎಲ್ಲರೂ ಸಿಎಸ್‌ಗೆ ಬರೋಕೆ ಹಾಕ್ತಾರೆ, ನಾನು ಬಿಟ್ಟು ಹೋಗೋಕೆ ಹಾಕಬೇಕಿತ್ತು. ಫಾರ್ಮ್ ತಂದೆ, ತುಂಬಲಿಲ್ಲ. ಮನೇಲಿ ಹೇಳೋ ಧೈರ್ಯ ಆಗಲೂ ಬರಲಿಲ್ಲ.

ಕಾಲೇಜ್ ವಿಷಯಕ್ಕೆ ಬಂದ್ರೆ, ಹೆಸರು ಮುಖ್ಯ ಅಲ್ಲ ಅಂತ ಸುಳ್ಳು ಹೇಳಲ್ಲ. ಒಳ್ಳೆ ಕಾಲೇಜಿಗೆ ಹೆಚ್ಚು ಕಂಪನಿ ಬರುತ್ತೆ. ಫೀಸ್ ಅಂತೂ ಬಹಳ ಮುಖ್ಯ. ಸಿಇಟಿ ಸೀಟಿಗೂ ಮ್ಯಾನೇಜ್‌ಮೆಂಟ್ ಸೀಟಿಗೂ ಲಕ್ಷಗಳ ವ್ಯತ್ಯಾಸ ಇರುತ್ತೆ, ಆ ದುಡ್ಡು ಅಪ್ಪ-ಅಮ್ಮಂದು. ಆದ್ರೆ ಪೋಸ್ಟರ್‌ನಲ್ಲಿರೋ ಹೈಯೆಸ್ಟ್ ಪ್ಯಾಕೇಜ್ ನೋಡಿ ಆರಿಸಬೇಡಿ, ಅದು ಒಬ್ಬರಿಗೆ ಸಿಕ್ಕಿದ್ದು. ನಿಮ್ಮ ಬ್ರಾಂಚಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ತು ಅಂತ ಕೇಳಿ. ಕಾಲೇಜ್ ಅಟಾನಮಸ್ಸಾ, ಅಥವಾ ವಿಟಿಯು ಸಿಲಬಸ್ಸೇನಾ ಅಂತ ತಿಳ್ಕೊಳ್ಳಿ. ಅಟಾನಮಸ್ ಆಗಿಲ್ಲದ ವಿಟಿಯು ಕಾಲೇಜುಗಳಲ್ಲಿ ಪಾಠವೂ ಒಂದೇ, ಪ್ರಶ್ನೆಪತ್ರಿಕೆಯೂ ಒಂದೇ. ಹಾಗಾದಾಗ ಲ್ಯಾಬು, ಪಾಠ ಮಾಡೋರು, ಮನೆಯಿಂದ ಇರೋ ದೂರ, ಇದೇ ನಿಜವಾದ ವ್ಯತ್ಯಾಸ. ಒಂದು ವರ್ಕಿಂಗ್ ಡೇ ಮಧ್ಯಾಹ್ನ ಹೋಗಿ ನೋಡಿ. ಲ್ಯಾಬಿಗೆ ಬೀಗ ಹಾಕಿದ್ಯಾ, ಒಳಗೆ ಹುಡುಗರು ಇದ್ದಾರಾ ಅಂತ ಕಣ್ಣಿಗೇ ಕಾಣುತ್ತೆ.

ಈ ಸಲ ನನ್ನ ತಂಗಿ ಸಿಇಟಿ ಬರೆದಿದ್ದಾಳೆ. ಅವಳ ಪಟ್ಟಿಯಲ್ಲಿ ಮೊದಲ ಮೂರೂ ಸಿವಿಲ್. ಮನೆಯಲ್ಲಿ ಮತ್ತೆ ಅದೇ ಸಭೆ. "ಹುಡುಗಿ ಬಿಸಿಲಲ್ಲಿ ಸೈಟ್ ಮೇಲೆ ನಿಂತ್ಕೋಬೇಕಾ?" ಅಂತ ದೊಡ್ಡಪ್ಪ. ಅಪ್ಪ ನನ್ನ ಕಡೆ ತಿರುಗಿ, "ನೀನಾದ್ರೂ ಬುದ್ಧಿ ಹೇಳೋ, ಇಂಜಿನಿಯರಿಂಗ್ ಓದ್ತಿರೋನು" ಅಂದ್ರು.

ಎರಡು ವರ್ಷದ ಹಿಂದೆ ಹೇಳಬೇಕಾಗಿದ್ದನ್ನ ಅವತ್ತು ಹೇಳಿದೆ. ನನ್ನ ಪ್ರಿಂಟೌಟ್ ತಂದು ಟೇಬಲ್ ಮೇಲಿಟ್ಟು, "ಅಪ್ಪಾ, ಇದರಲ್ಲಿ ಎಲೆಕ್ಟ್ರಿಕಲ್ ಎಲ್ಲಿದೆ ಹುಡುಕಿ" ಅಂದೆ. ಅಪ್ಪ ಕನ್ನಡಕ ಹಾಕ್ಕೊಂಡು 43ನೇ ಆಪ್ಷನ್ ತನಕ ನಿಧಾನವಾಗಿ ಓದಿದ್ರು. "ನಿನಗೆ ಅದು ಬೇಕಿತ್ತೇನೋ? ಹೇಳಲೇ ಇಲ್ವಲ್ಲ" ಅಂದ್ರು. ಕೋಪ ಇರಲಿಲ್ಲ, ಬೇಜಾರಿತ್ತು.

ಸಿವಿಲ್ ಬಗ್ಗೆ ಅವರು ಇನ್ನೂ ಪೂರ್ತಿ ಒಪ್ಪಿಲ್ಲ. ಮಾಕ್ ಅಲಾಟ್‌ಮೆಂಟ್ ತನಕ ಪಟ್ಟಿ ಹಾಗೇ ಇರಲಿ, ಆಮೇಲೆ ನೋಡೋಣ ಅಂದಿದ್ದಾರೆ. ಮೂರೂ ಸಿವಿಲ್ ಸದ್ಯಕ್ಕೆ ಮೇಲೇ ಇವೆ. ತಂಗಿ ಪಾಸ್‌ವರ್ಡ್ ಮಾತ್ರ ಯಾರಿಗೂ ಹೇಳ್ತಿಲ್ಲ.